ಮುಚ್ಚಲು ಕಿಟಕಿಯಿಲ್ಲದ ಜುಲೈ

ಏಪ್ರಿಲ್ 9, ಮಂಗಳವಾರ

ಯೋಜನಾ ಕಚೇರಿಯ ಹುಡುಗಿ ಇವತ್ತು ಮತ್ತೆ ಬಂದಿದ್ದಳು. ಬೀದಿಯಲ್ಲಿ ನಿಂತು ನಮ್ಮ ಮಹಡಿಯ ಕಿಟಕಿಗಳ ಫೋಟೊ ತೆಗೆಯುತ್ತಿದ್ದಳು. ನಾನು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ನಮ್ಮದೇ ಮನೆ, ನಮ್ಮದೇ ಕಿಟಕಿ. ಆದರೂ ಕದ್ದವರ ಹಾಗೆ ಅಡಗಿದ್ದೆ.

ನಮ್ಮ ಬೀದಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆಯಂತೆ. ಎರಡು ವರ್ಷದ ಹಿಂದೆ ಹಾಕಿಸಿದ ಬಿಳಿ ಅಲ್ಯೂಮಿನಿಯಂ ಕಿಟಕಿ ಕಿತ್ತು, ಮೊದಲಿದ್ದಂತೆಯೇ ಮರದ್ದು, ಹೊರಗಡೆ ಗಾಳಿಯಾಡುವ ಓರೆಪಟ್ಟಿಯ ಕದ ಸಮೇತ, ಹಾಕಿಸಬೇಕಂತೆ. ಇಲ್ಲದಿದ್ದರೆ ದಂಡ.

ವಿಸ್ಟಿನ್ ಕುದಿದುಹೋದ. "ಮರ ಅಂದ್ರೆ ಬಣ್ಣ ಕುಡಿಯೋ ರಾಕ್ಷಸ ಕಣೇ. ಐದು ವರ್ಷಕ್ಕೊಂದ್ಸಲ ಕಿತ್ತು, ಉಜ್ಜಿ, ಬಳೀಬೇಕು. ಅಲ್ಯೂಮಿನಿಯಂ ಹಾಕಿದ್ರೆ ಸಾಯೋ ತನಕ ತಿರುಗಿ ನೋಡ್ಬೇಕಾಗಿಲ್ಲ. ಇದು ಯಾರ ಕೆಲಸ ಅಂತ ನಂಗೊತ್ತು. ನೀಲಿಯವರದ್ದೇ!"

ಊರಿಗೆ ಇಬ್ಬರು ಸಂತರು, ಎರಡು ಬ್ಯಾಂಡ್ ಕ್ಲಬ್ಬು: ನಾವು ಕೆಂಪು, ಎದುರು ಪಕ್ಷ ನೀಲಿ. ನೀಲಿಯವರು ಎಂದರೆ ನನ್ನ ತವರಿನವರೂ ಅದರಲ್ಲಿ ಸೇರಿದವರೇ. ಮದುವೆಯಾಗಿ ಮೂವತ್ತು ವರ್ಷ ದಾಟಿತು, ಇನ್ನೂ ಅವನಿಗೆ ಸಿಟ್ಟು ಬಂದಾಗ ಊರಿನ ಎಲ್ಲ ಕೇಡಿಗೂ ನೀಲಿಯವರೇ ಕಾರಣ. ನಾನು ಬಟಾಣಿ ಸುಲಿಯುತ್ತ ಕೂತೆ.

ಮೇ 14

ಜೆಪ್ಪಿ ಎಂಬ ಬಡಗಿ ಬಂದು ಅಳತೆ ತೆಗೆದುಕೊಂಡು ಹೋದ. ಪಕ್ಕದೂರಿನವನು. ಆದ್ದರಿಂದ ಕೆಂಪೂ ಅಲ್ಲ, ನೀಲಿಯೂ ಅಲ್ಲ. ವಿಸ್ಟಿನ್‌ಗೆ ಅದೇ ಸಮಾಧಾನ. ಅಲ್ಯೂಮಿನಿಯಂ ಕೂರಿಸಲು ಕಿರಿದು ಮಾಡಿದ್ದ ಗೋಡೆಯ ಕಂಡಿಯನ್ನು ಮತ್ತೆ ಅಗಲ ಮಾಡಬೇಕು, ಹಾಗಾಗಿ ಮೊದಲು ಇರುವುದನ್ನು ಕೀಳಲೇಬೇಕು ಎಂದ.

"ಯಾವಾಗ ಕೊಡ್ತೀಯಪ್ಪ?" ಎಂದು ಕೇಳಿದೆ.

"ಜೂನ್ ಕೊನೆಗೆ ಅಂದ್ಕೊಳ್ಳಿ, ಮಾರ್ಟೀಸಕ್ಕ. ಮರ ಒಣಗಿದ್ರೆ, ಕೈ ಖಾಲಿ ಇದ್ರೆ, ದೇವ್ರು ದೊಡ್ಡೋನು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. ನಾನು ಆಗಲೇ ದಿನ ಎಣಿಸತೊಡಗಿದೆ. ಜುಲೈ ಕೊನೆಯ ಭಾನುವಾರ ಸಂತ ಅನ್ನಮ್ಮನ ಮೆರವಣಿಗೆ. ನೀಲಿಯವರ ಬ್ಯಾಂಡು ನಮ್ಮ ಬೀದಿಗೆ ತಿರುಗಿದ ಕೂಡಲೇ ಕೆಂಪು ಮನೆಗಳೆಲ್ಲ ದಡಾರನೆ ಕಿಟಕಿ ಮುಚ್ಚಬೇಕು. ಆಗಸ್ಟಿನಲ್ಲಿ ನಮ್ಮ ಸಂತ ರೋಕ್ ಹೊರಟಾಗ ಅವರು ಮುಚ್ಚುತ್ತಾರೆ. ಅಲ್ಲಿಗೆ ಲೆಕ್ಕ ಚುಕ್ತಾ. ವಿಸ್ಟಿನ್ ಕೆಂಪು ಕ್ಲಬ್ಬಿನ ಧ್ವಜ ಹಿಡಿಯುವವನು. ಊರಿನಲ್ಲಿ ಎಲ್ಲರಿಗಿಂತ ಜೋರಾಗಿ ಮುಚ್ಚುವುದು ನಮ್ಮ ಕಿಟಕಿಯೇ.

ಅಷ್ಟರೊಳಗೆ ಹೊಸ ಕಿಟಕಿ ಬರಲೇಬೇಕು. ಬರದಿದ್ದರೆ ಏನು ಗತಿ?

ಜೂನ್ 18

ಕಿತ್ತಾಯಿತು. ಅಲ್ಯೂಮಿನಿಯಂ ಚೌಕಟ್ಟುಗಳನ್ನು ವಿಸ್ಟಿನ್ ಅವತ್ತೇ ತನ್ನ ಸೋದರತ್ತೆಯ ಮಗನಿಗೆ ಸಾಗಿಸಿಬಿಟ್ಟ. ಅವನು ಆಡಿನ ಕೊಟ್ಟಿಗೆಗೆ ಹಾಕಿಕೊಂಡನಂತೆ. "ಸ್ವಲ್ಪ ದಿನ ಇಟ್ಕೋ, ಹೊಸದು ಬರಲಿ" ಎಂದು ಬೇಡಿಕೊಂಡರೂ ಕೇಳಲಿಲ್ಲ. ಈಗ ಬೀದಿಯ ಧೂಳೆಲ್ಲ ನಮ್ಮ ಸೋಫಾ ಮೇಲೆ. ಪಾರಿವಾಳವೊಂದು ಒಳಗೆ ಬಂದು ಅತ್ತೆಯ ಫೋಟೊದ ಮೇಲೆ ಕೂತಿತ್ತು. ವಿಸ್ಟಿನ್ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಇಡೀ ದಿನ ಯಾರೋ ನನ್ನನ್ನು ನೋಡುತ್ತಿದ್ದಾರೆ ಎನಿಸುತ್ತದೆ.

ನೋಡುತ್ತಲೂ ಇದ್ದಾರೆ. ಎದುರುಮನೆಯ ಚೆಟ್ಟಾ ಅಜ್ಜಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿದ್ದಾರೆ. ನಮ್ಮ ಬೀದಿ ಎಷ್ಟು ಇಕ್ಕಟ್ಟೆಂದರೆ ಅವರ ಕಿಟಕಿಯಿಂದ ನಮ್ಮ ಕಿಟಕಿಗೆ ಉಪ್ಪು ಕೈಬದಲು ಕೊಡಬಹುದು.

"ಮಾರ್ಟೀಸ್, ಮೊಲದ ಸಾರಿಗೆ ವೈನ್ ಜಾಸ್ತಿ ಸುರಿದೆ ಕಣಮ್ಮ" ಎಂದರು ಮಧ್ಯಾಹ್ನ. ಅಡುಗೆಮನೆ ಹಿಂದಿದೆ. ಅದು ಹೇಗೆ ಕಂಡಿತೋ.

ಜುಲೈ 1, ಸೋಮವಾರ

ಜೂನ್ ಮುಗಿಯಿತು. ಕಿಟಕಿಯಿಲ್ಲ. ಬೆಳಿಗ್ಗೆ ಒಂದು ಸಲ, ಊಟದ ಮೇಲೆ ಒಂದು ಸಲ ಜೆಪ್ಪಿಗೆ ಫೋನ್ ಮಾಡಿದೆ. ಎತ್ತಿದಾಗ ಗರಗಸದ ಸದ್ದು, ಎತ್ತದಿದ್ದಾಗ ಇನ್ನೂ ಗಾಬರಿ.

ಜುಲೈ 5

ಧೂಳು ತಡೆಯಲು ಜೆಪ್ಪಿ ಒಂದು ತಾಡಪಾಲು ಕಳಿಸಿಕೊಟ್ಟ. ವಿಸ್ಟಿನ್ ಕೆಲಸಕ್ಕೆ ಹೋಗಿದ್ದ. ನಾನೇ ಸ್ಟೂಲು ಹತ್ತಿ ಕಟ್ಟಿದೆ. ಒಳಗಿನಿಂದ ನೋಡಿದರೆ ತಾಡಪಾಲು, ಅಷ್ಟೇ. ಅದರ ಬಣ್ಣ ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಕೆಳಗೆ ಒಂದೇ ಗದ್ದಲ. ನೀಲಿ ಬ್ಯಾಂಡಿನ ನಾಲ್ಕೈದು ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ವಿಸ್ಟಿನ್! ಕೊನೆಗೂ ಬುದ್ಧಿ ಬಂತಲ್ಲ ಮಾರಾಯಾ! ಸದಸ್ಯತ್ವದ ಚೀಟಿ ತಂದುಕೊಡ್ಲಾ?"

ಊರೆಲ್ಲ ಕಾಣುವಂತೆ ಗೋಡೆ ತುಂಬ ಕಡು ನೀಲಿ. ವಿಸ್ಟಿನ್ ಮೆಟ್ಟಿಲು ಹತ್ತಿ ಬಂದವನೇ ಅದನ್ನು ಕಿತ್ತೆಸೆದ. ನನ್ನ ಮುಖ ನೋಡಿದ. ಬೈದಿದ್ದರೆ ವಾಸಿಯಿತ್ತು. ಬೇಕೆಂದೇ ಕಟ್ಟಿದೆ ಎಂದುಕೊಂಡನೋ ಏನೋ. ನೀಲಿ ಮನೆಯಲ್ಲಿ ಹುಟ್ಟಿದವಳು, ರಕ್ತ ಎಲ್ಲಿ ಹೋಗುತ್ತದೆ ಎಂದುಕೊಂಡಿರಬಹುದು. ನಾನು ಹಾಗೆ ಮಾಡುವವಳೇ?

ಜುಲೈ 6

ತಾಡಪಾಲಿನ ಬದಲು ಕಂದು ಕಂಬಳಿ ಇಳಿಬಿಟ್ಟೆವು. ಬೆಳಿಗ್ಗೆಯೇ ಚೆಟ್ಟಾ ಅಜ್ಜಿ, "ಓಹೋ, ನಮ್ಮ ಅನ್ನಮ್ಮನಿಗೆ ಈಗ್ಲೇ ಅಲಂಕಾರ ಶುರು ಮಾಡಿದ್ರಾ?" ಎಂದು ಕೇಳಿದರು.

ಅವರು ಕೇಳಿದ್ದರಲ್ಲೂ ತಪ್ಪಿಲ್ಲ. ಮೆರವಣಿಗೆಯ ದಾರಿಯಲ್ಲಿ ಕಿಟಕಿಯಿಂದ ಬಟ್ಟೆ ಇಳಿಬಿಡುವುದೆಂದರೆ ಸಂತರಿಗೆ ಮರ್ಯಾದೆ ಮಾಡಿದಂತೆ. ಕಂಬಳಿಯೂ ಬಟ್ಟೆಯೇ. ಅದನ್ನೂ ತೆಗೆದೆವು.

"ಹಲಗೆ ಹೊಡೆದುಬಿಡೋಣ" ಎಂದೆ.

"ಹಲಗೆ ಹೊಡೆದ್ರೆ ಹೆದರಿ ಅಡಗಿಕೊಂಡ ಅಂತಾರೆ. ಅವರ ಮುಖಕ್ಕೆ ಕಿಟಕಿ ಜಡಿಯೋದು ಬೇರೆ, ಕೋಳಿಗೂಡಿನಲ್ಲಿ ಕೂರೋದು ಬೇರೆ. ನೀನು ಜೆಪ್ಪಿ ಬೆನ್ನು ಹತ್ತು."

ಹತ್ತಿದೆ. ಜೆಪ್ಪಿ ಹೇಳಿದ್ದು ಇದು. "ಅಕ್ಕಾ, ಮುಂದಿನ ವಾರ ನಮ್ಮೂರ ಹಬ್ಬ ಅಲ್ವಾ? ಬಾಣಬಿರುಸು ಕಟ್ಟೋರಲ್ಲಿ ನಾನೇ ಮುಂದಾಳು. ಹಬ್ಬ ಮುಗಿಯೋ ತನಕ ಉಳಿ ಮುಟ್ಟಲ್ಲ."

ಬಡಗಿ ಕೆಂಪೋ ನೀಲಿಯೋ ಎಂದು ವಿಚಾರಿಸಿದೆವೇ ಹೊರತು ಅವನ ಊರಿಗೂ ಒಬ್ಬ ಸಂತ ಇರುತ್ತಾನೆ ಎಂಬುದನ್ನೇ ಮರೆತೆವು.

ಜುಲೈ 11

ವಿಸ್ಟಿನ್ ಕ್ಲಬ್ಬಿನಿಂದ ಮುಖ ಊದಿಸಿಕೊಂಡು ಬಂದ. ಮೆರವಣಿಗೆಯ ಭಾನುವಾರ ನಮ್ಮ ಮನೆ ಬಾಯಿ ತೆರೆದುಕೊಂಡೇ ಇರುತ್ತದೆಯೋ ಎಂದು ಅಧ್ಯಕ್ಷರೇ ಕೇಳಿದರಂತೆ. ಧ್ವಜ ಬೇರೆಯವರಿಗೆ ಕೊಟ್ಟರೆ ಏನು ಮಾಡುತ್ತಾನೋ. ಇವನ ತಂದೆಯೂ ಅದನ್ನೇ ಹಿಡಿದವರು. ಊಟ ಸೇರಲಿಲ್ಲ ಇಬ್ಬರಿಗೂ. ಮೂರು ಸಲ ಜೆಪ್ಪಿಗೆ ಫೋನ್ ಮಾಡಿದೆ.

ಜುಲೈ 16

ಹಬ್ಬ ಮುಗಿಸಿ ಕೆಲಸಕ್ಕೆ ಕೂತಿದ್ದೇನೆ ಎಂದ ಜೆಪ್ಪಿ. ಇಪ್ಪತ್ತಾರಕ್ಕೆ ಖಂಡಿತವಂತೆ. ಸದ್ಯ.

ಬ್ರೆಡ್ಡಿನ ವ್ಯಾನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದು ಈಗ ಎಷ್ಟು ಸಲೀಸು. ಕದ ತೆರೆಯಬೇಕಿಲ್ಲ, ಕೊಂಡಿ ಸಿಕ್ಕಿಸಬೇಕಿಲ್ಲ. ಬೆಳಗಿನ ಗಾಳಿಯೂ ಚೆನ್ನಾಗಿ ಬರುತ್ತದೆ. ಚೆಟ್ಟಾ ಅಜ್ಜಿಯ ಹತ್ತಿರ ಸುಮಾರು ಹೊತ್ತು ಮಾತಾಡಿದೆ. ನಾನು ಚಿಕ್ಕವಳಿದ್ದಾಗ ಅನ್ನಮ್ಮನ ಮುಂದೆ ಹೂ ಚೆಲ್ಲುತ್ತ ನಡೆದದ್ದು ಅವರಿಗೆ ನೆನಪಿದೆಯಂತೆ. ನನಗೇ ಮರೆತುಹೋಗಿತ್ತು.

ಜುಲೈ 20, ಶನಿವಾರ

ಅಣ್ಣ ಗ್ರೆಜ್ಜು ಬಂದಿದ್ದ. ಬಂದಿದ್ದ ಎಂದರೆ ಬೀದಿಯಲ್ಲಿ ನಿಂತು ಮಾತಾಡಿದ. ಜುಲೈಯಲ್ಲಿ ಅವನು ನಮ್ಮ ಹೊಸಿಲು ದಾಟುವುದಿಲ್ಲ, ಆಗಸ್ಟಿನಲ್ಲಿ ನಾನು ಅವನದು ದಾಟುವುದಿಲ್ಲ. ಉಳಿದ ಹತ್ತು ತಿಂಗಳು ಒಂದೇ ತಟ್ಟೆಯಲ್ಲಿ ತಿನ್ನುವವರು ನಾವು.

"ಮಂಡಿ ಪೂರಾ ಹೋಯ್ತು ಕಣೇ. ಡಾಕ್ಟ್ರು ಬೈದ್ರು. ಅನ್ನಮ್ಮನ್ನ ಹೊರೋದು ಈ ವರ್ಷಕ್ಕೆ ಕೊನೆ" ಎಂದ.

ನಾನು ಕಿಟಕಿಯ ಸೊಂಟದೆತ್ತರದ ಅಡ್ಡಕಂಬಿ ಹಿಡಿದುಕೊಂಡು ಬಗ್ಗಿ ನಿಂತಿದ್ದೆ. ದಾರಿಯಲ್ಲೇ ಮಂಡಿ ಕೈಕೊಟ್ಟರೆ? ಪ್ರತಿಮೆಯ ಭಾರವೆಲ್ಲ ಒಂದು ಕಡೆ ವಾಲಿದರೆ?

"ಕಿಟಕಿ ಯಾವಾಗ ಬರತ್ತೆ?" ಎಂದು ಕೇಳಿದ.

"ಶುಕ್ರವಾರ ಅಂದಿದಾನೆ."

"ಓ. ಒಳ್ಳೇದಾಯ್ತು ಬಿಡು. ಧೂಳು ಜಾಸ್ತಿ ನಿಮ್ಮ ಬೀದೀಲಿ." ಮೇಲೆ ನೋಡಿದ, ಮತ್ತೆ ಕಾಲು ಎಳೆಯುತ್ತ ಹೋದ.

ಅವನಿಗಿಂತ ಮುಂಚೆ ಅದೇ ಜಾಗದಲ್ಲಿ ಅಪ್ಪ ಹೊರುತ್ತಿದ್ದ. ನಾನು ಈ ಮನೆಗೆ ಬಂದ ವರ್ಷ ಪ್ರತಿಮೆ ನಮ್ಮ ಕಿಟಕಿಯ ಕೆಳಗೆ ಬಂದಾಗ ವಿಸ್ಟಿನ್ ಕದ ಜಡಿದ. ಕದದ ಓರೆಪಟ್ಟಿಯಲ್ಲಿ ಒಂದು ಮುರಿದಿತ್ತು. ಆ ಸಂದಿಗೆ ಕಣ್ಣಿಟ್ಟೆ. ಅಪ್ಪನ ನೆತ್ತಿ ಮಾತ್ರ ಕಂಡಿತು. ತಲೆ ಎತ್ತಲಿಲ್ಲ ಅಪ್ಪ. ನನಗೆ ನೋವಾಗದಿರಲಿ ಎಂದಿರಬೇಕು. ಆಮೇಲೆ ಪ್ರತಿ ವರ್ಷ ಆ ಸಂದಿಯೊಂದೇ ನನ್ನ ಪಾಲಿಗಿದ್ದದ್ದು. ಅಲ್ಯೂಮಿನಿಯಂ ಬಂದಮೇಲೆ ಅದೂ ಹೋಯಿತು. ಎರಡು ವರ್ಷ ನಾನು ಒಳಗಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತ ಕೂತೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಕಿಟಕಿ ಬಂದರೆ ಸಾಕು.

ಜುಲೈ 22

ಜೆಪ್ಪಿಗೆ ಫೋನ್ ಮಾಡಲಿಲ್ಲ. ಟೊಮೆಟೊ ಹೆಚ್ಚಿ ತಾರಸಿಯ ಮೇಲೆ ಒಣಹಾಕುವ ಕೆಲಸವಿತ್ತು.

ಜುಲೈ 23

ಇವತ್ತೂ ಮರೆತೆ.

ಜುಲೈ 25, ಗುರುವಾರ

ಜೆಪ್ಪಿಯೇ ಫೋನ್ ಮಾಡಿದ. "ಅಕ್ಕಾ, ಗೆದ್ದುಬಿಟ್ಟೆ! ಎಲ್ಲಾ ರೆಡಿ. ನಾಳೆ ಬೆಳಿಗ್ಗೆ ಗಾಡಿಗೆ ಹಾಕ್ಲಾ?"

ಬಣ್ಣ ಒಣಗಿದೆಯೇ ಎಂದು ಕೇಳಿದೆ. ನಿನ್ನೆಯೇ ಒಣಗಿತು, ಈ ಬಿಸಿಲಿಗೆ ಬಣ್ಣವೇನು, ಮನುಷ್ಯನೂ ಒಣಗುತ್ತಾನೆ ಎಂದ.

"ಮೇಲೆ ಒಣಗಿರತ್ತೆ, ಒಳಗೆ ಹಸಿ ಇರತ್ತೆ" ಎಂದೆ. "ಇಷ್ಟು ದಿನ ಕಾದಿದೀವಿ, ಅವಸರ ಮಾಡಿ ಕೆಡಿಸೋದು ಬೇಡ. ಸೋಮವಾರ ತಾ."

"ಸೋಮವಾರಾನಾ? ಭಾನುವಾರ ನಿಮ್ಮೂರಲ್ಲಿ..."

"ಸೋಮವಾರ ತಾ, ಜೆಪ್ಪಿ."

ಕೆಲಸ ಅಂದಮೇಲೆ ಅಚ್ಚುಕಟ್ಟಾಗಿರಬೇಕು. ನಾನು ಮೊದಲಿನಿಂದಲೂ ಹೇಳುತ್ತಿರುವುದು ಅದನ್ನೇ.

ರಾತ್ರಿಯ ಊಟಕ್ಕೆ ವಿಸ್ಟಿನ್ ಕೇಳಿದ. ಬಣ್ಣ ಒಣಗಿಲ್ಲವಂತೆ, ಸೋಮವಾರವಂತೆ ಎಂದೆ. ಈ 'ಅಂತೆ' ಇಲ್ಲದಿದ್ದರೆ ಮನುಷ್ಯರು ಹೇಗೆ ಸಂಸಾರ ಮಾಡುತ್ತಿದ್ದರೋ. ಅವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ಜುಲೈ 26, ಶುಕ್ರವಾರ

"ಆ ಬಡಗಿ ನಂಬರು ಕೊಡು. ನಾನೇ ಮಾತಾಡ್ತೀನಿ" ಎಂದ ವಿಸ್ಟಿನ್. ಕೊಟ್ಟೆ. ಕೊಡದೆ ಏನು ಮಾಡಲಿ? ಫೋನ್ ಹಿಡಿದು ತಾರಸಿಗೆ ಹೋದ. ನಾನು ಅಡುಗೆಮನೆಯಲ್ಲಿ ಒಂದೇ ಲೋಟವನ್ನು ತೊಳೆಯುತ್ತ ನಿಂತೆ. ಈಗ ಗೊತ್ತಾಗುತ್ತದೆ, ಈಗ ಕೂಗುತ್ತಾನೆ, ಈಗ ಮೆಟ್ಟಿಲಿಳಿದು ಬರುತ್ತಾನೆ.

ತುಂಬ ಹೊತ್ತಾದ ಮೇಲೆ ಬಂದ. "ಎತ್ತಲಿಲ್ಲ" ಎಂದ. ಟೊಮೆಟೊ ಚೆನ್ನಾಗಿ ಒಣಗಿದೆ, ತಿರುಗಿಸಿಹಾಕು ಎಂದ.

ಜೀವ ಬಂತು.

ಜುಲೈ 28, ಭಾನುವಾರ ಬೆಳಿಗ್ಗೆ

ಮಲಗುವ ಕೋಣೆಯ ಕಿಟಕಿಗೆ ಬೀರು ಅಡ್ಡ ಎಳೆದಾಯಿತು. ಮುಂದಿನ ಕೋಣೆಯದು ಬೀರುವಿಗೆ ದಕ್ಕುವುದಲ್ಲ, ಅಷ್ಟು ಅಗಲ. ವಿಸ್ಟಿನ್ ಯೋಚನೆ ಮಾಡಿ ಮಾಡಿ ಒಂದು ಉಪಾಯ ತೆಗೆದಿದ್ದಾನೆ. ಕಿಟಕಿಯಲ್ಲೇ ಎರಡು ಕುರ್ಚಿ ಹಾಕಿ, ಬೀದಿಗೆ ಬೆನ್ನು ತಿರುಗಿಸಿ, ನಾವಿಬ್ಬರೂ ಕೂರುವುದಂತೆ.

"ಕದ ಇಲ್ದಿದ್ರೆ ನಾವೇ ಕದ" ಎಂದ.

ಹೂಂ ಎಂದೆ. ಗ್ರೆಜ್ಜು ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದಾನೋ ಇಲ್ಲವೋ. ನಾನು ಮಾಡಿದ್ದೇನು, ಇವನಿಗೆ ಸಂಕಟ ತಂದಿಟ್ಟೆ, ನನಗೆ ಸಿಕ್ಕಿದ್ದಾದರೂ ಏನು? ಬೆನ್ನು ಹಾಕಿ ಕೂರುವುದಕ್ಕಿಂತ ಮುರಿದ ಪಟ್ಟಿಯ ಸಂದಿಯೇ ವಾಸಿಯಿತ್ತು.

ಜುಲೈ 29, ಸೋಮವಾರ, ಬೆಳಿಗ್ಗೆ

ನಿನ್ನೆಯದು ಬರೆದಿಡಬೇಕು. ಜೆಪ್ಪಿ ಬರುವುದರೊಳಗೆ ಬರೆದುಬಿಡುತ್ತೇನೆ.

ಬ್ಯಾಂಡು ಮೂಲೆ ತಿರುಗುವ ಮುಂಚೆಯೇ ಕೂತೆವು. ವಿಸ್ಟಿನ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಎದುರಿಗೆ ಗೋಡೆ ಬಿಟ್ಟರೆ ನೋಡುವವರಿಲ್ಲ ಎಂಬುದನ್ನು ಮರೆತು. ಇಬ್ಬರೂ ಅತ್ತೆಯ ಫೋಟೊ ನೋಡುತ್ತ ಕೂತೆವು. ಕೆಳಗಿನಿಂದ ಶುರುವಾಯಿತು.

"ವಿಸ್ಟಿನ್, ನಿನ್ನ ಇಷ್ಟು ಚೆಂದದ ಮುಖ ಯಾವತ್ತೂ ನೋಡಿರ್ಲಿಲ್ಲ ಕಣೋ!"

"ಅಯ್ಯೋ ತಿರುಗಬೇಡ, ಹಾಗೇ ಇರು, ಫೋಟೊ ಹೊಡೀತೀವಿ!"

ಎದುರಿನಿಂದ ಚೆಟ್ಟಾ ಅಜ್ಜಿ ಮಾತ್ರ ನಿಜವಾದ ಕಾಳಜಿಯಿಂದ, "ವಿಸ್ಟಿನ್, ಅಂಗಿ ಬೆನ್ನಲ್ಲಿ ಹೊಲಿಗೆ ಬಿಟ್ಟಿದೆ ನೋಡಪ್ಪ" ಎಂದರು.

ಅವನ ಕಿವಿ ಕೆಂಪಾಯಿತು. ಆದರೂ ಅಲುಗಲಿಲ್ಲ. ಬ್ಯಾಂಡು ನಮ್ಮ ಕೆಳಗೆ ನಿಂತು ಬೇಕೆಂದೇ ಎರಡು ಸಲ ಬಾರಿಸಿತು. ಕುರ್ಚಿಯ ಕಾಲು ಅದುರುತ್ತಿತ್ತು. ಆಮೇಲೆ ಬ್ಯಾಂಡು ಮುಂದೆ ಹೋಯಿತು, ಹೊರುವವರ ಹೆಜ್ಜೆ ಕೇಳಿಸಿತು. ಆ ಹೆಜ್ಜೆ ನನಗೆ ಗೊತ್ತು. ಎಲ್ಲರದೂ ಒಟ್ಟಿಗೆ ಬೀಳಬೇಕು. ಒಂದು ಮಾತ್ರ ಎಳೆದೆಳೆದು ಬೀಳುತ್ತಿತ್ತು. ನಾನು ಮನಸಾರೆ ಬೇಡಿದೆ, ಅನ್ನಮ್ಮ, ಅವನ ಮಂಡಿ ಕಾಯಿ, ಈ ಬೀದಿ ದಾಟುವ ತನಕವಾದರೂ.

ನಮ್ಮ ಕಿಟಕಿಯ ಕೆಳಗೇ ಕವೆಗೋಲು ಊರಿ, ಹೆಗಲೆತ್ತರದಲ್ಲೇ ಪ್ರತಿಮೆಯನ್ನು ಅದರ ಮೇಲೆ ನಿಲ್ಲಿಸಿದರು. ಮರಕ್ಕೆ ಮರ ತಾಗಿದ ಸದ್ದು. ಅಲ್ಲಿ ಯಾವತ್ತೂ ನಿಲ್ಲಿಸುವುದಿಲ್ಲ. ಬೀದಿ ಗಪ್‌ಚಿಪ್ ಆಯಿತು. ಅನ್ನಮ್ಮನ ಮುಖ ನನ್ನ ಬೆನ್ನ ಹಿಂದೆ ಕೈಯಳತೆಯಲ್ಲಿದೆ ಎಂದು ಗೊತ್ತಿತ್ತು, ಹೂವಿನ ವಾಸನೆ ಬರುತ್ತಿತ್ತು.

"ಮಾರ್ಟೀಸ್, ಸ್ವಲ್ಪ ನೀರು ಸಿಗತ್ತೇನೇ?"

ಅಣ್ಣನ ದನಿ. ಉಸಿರು ಸಾಲದ ದನಿ. ನಾನು ಕಲ್ಲಿನ ಹಾಗೆ ಕೂತೆ. ವಿಸ್ಟಿನ್ ಗೋಡೆ ನೋಡುತ್ತಲೇ ಹೇಳಿದ.

"ನೀರು ಕೇಳ್ತಿದಾನಲ್ಲ."

"ಕೇಳಿಸ್ತು."

"ಕೇಳಿಸಿದ್ರೆ ಕೊಡೇ. ನೀರಿಗೆಂಥ ಬಣ್ಣ."

ಓಡಿದೆ. ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನೆಲ್ಲ ಬ್ರೆಡ್ಡಿನ ಬುಟ್ಟಿಗೆ ತುಂಬಿ ತಂದು, ಮತ್ತೆ ಗೋಡೆಯ ಕಡೆಗೇ ಮುಖ ಮಾಡಿ ನಿಂತೆ. ಹಗ್ಗದ ಗಂಟು ಹಾಕಲು ಬೆರಳು ಬಾರದು. ವಿಸ್ಟಿನ್ ತಿರುಗದೆಯೇ ಕೈ ಚಾಚಿದ.

"ಹಗ್ಗ ಇಲ್ಲಿ ಕೊಡು. ನೀನು ಬೀಳಿಸ್ತೀಯ."

ಕೊಟ್ಟೆ. ಬೀದಿಗೆ ಬೆನ್ನು ಹಾಕಿದವನು ಹಾಗೆಯೇ ಬೆನ್ನ ಹಿಂದಿನಿಂದ ಹಗ್ಗ ಬಿಡತೊಡಗಿದ. "ನಂಗೆ ಕಾಣಲ್ಲ. ನೋಡಿ ಹೇಳು, ಎಷ್ಟು ಬಿಡ್ಲಿ?"

ನಾನು ತಿರುಗಿದೆ. ತಿರುಗಲೇಬೇಕಲ್ಲ. ಕಂಬಿಗೆ ಹೊಟ್ಟೆ ಆನಿಸಿ ಬಗ್ಗಿದೆ.

ಅನ್ನಮ್ಮ ಎದುರಿಗೇ ಇದ್ದಳು, ಪುಟ್ಟ ಮಗಳ ಕೈ ಹಿಡಿದುಕೊಂಡು. ಅವಳ ಕಿರುಬೆರಳಿನ ತುದಿಯ ಬಣ್ಣ ಎದ್ದಿದೆ. ಅದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಅಣ್ಣ ಬುಟ್ಟಿಗೆ ಕೈ ಒಡ್ಡಿ ಮೇಲೆ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಪ್ರತಿಮೆ ಹೊತ್ತವರು ಯಾರೂ ಮೇಲೆ ನೋಡಿದ್ದಿಲ್ಲ.

"ಇನ್ನೂ ಸ್ವಲ್ಪ" ಎಂದೆ ವಿಸ್ಟಿನ್‌ಗೆ. ಬುಟ್ಟಿ ಆಗಲೇ ಅಣ್ಣನ ಕೈಗೆ ತಲುಪಿತ್ತು.

ಅಣ್ಣ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡ. "ಮೇಲಿಂದ ಹೇಗೆ ಕಾಣ್ತೀನೇ?"

"ನೆತ್ತಿ ಥೇಟ್ ಅಪ್ಪಂದೇ ಕಣೋ ಅಣ್ಣಾ."

ಹೊರುವವರೆಲ್ಲ ನಕ್ಕರು. ನನಗೆ ಅಳು ಬಂತು, ತಡೆಯಲಿಲ್ಲ. ಪ್ರತಿಮೆ ಎತ್ತಿದರು. ಎಳೆಯುವ ಹೆಜ್ಜೆಯೂ ಎದ್ದಿತು, ನಡೆಯಿತು, ಮೂಲೆ ತಿರುಗಿತು.

"ಹೋದ್ರಾ?" ಎಂದು ಕೇಳಿದ ವಿಸ್ಟಿನ್.

"ಹೋದ್ರು."

"ಬುಟ್ಟೀಲಿ ಏನಾದ್ರೂ ಹಾಕಿದಾರಾ?"

"ಖಾಲಿ ಬಾಟ್ಲಿ."

ಆಗ ಎದ್ದು ಬೆನ್ನು ನೆಟ್ಟಗೆ ಮಾಡಿದ. ಅಂಗಿ ಬಿಚ್ಚಿ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕಿದ. ಕ್ಲಬ್ಬಿನಲ್ಲಿ ಏನಂದಾರೋ, ಧ್ವಜದ ಗತಿ ಏನೋ ಎಂದು ನನಗೆ ಈಗಲೂ ಭಯವಿದೆ. ಅವನು ಮಾತ್ರ ಆ ಸುದ್ದಿಯೇ ಎತ್ತಲಿಲ್ಲ.

ಅದೇ ದಿನ, ಸಂಜೆ

ಕಿಟಕಿ ಬಂತು. ಚೆನ್ನಾಗಿದೆ. ಕಡು ಹಸಿರು, ಓರೆಪಟ್ಟಿಗಳು ಒಂದೂ ಮುರಿದಿಲ್ಲ. ಮುಚ್ಚಿದರೆ ಒಂದೆಳೆ ಬೆಳಕು ನುಸುಳುವುದಿಲ್ಲ.

ಜೆಪ್ಪಿ ತಿರುಪು ಬಿಗಿಸುತ್ತ ಗೊಣಗಿದ. "ಬುಧವಾರವೇ ಒಣಗಿತ್ತು. ಅಕ್ಕನಿಗೂ ಹೇಳ್ದೆ. ಶುಕ್ರವಾರ ನೀವು ಫೋನ್ ಮಾಡಿದಾಗ ನಿಮಗೂ ಹೇಳಿದ್ನಲ್ಲ ಸಾರ್, ಸುಮ್ನೆ ಮೂರು ದಿನ ಜಾಗ ಕಟ್ಟಿಹಾಕಿದ್ರಿ."

ನಾನು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ. ವಿಸ್ಟಿನ್ ನನ್ನ ಕಡೆ ನೋಡಲಿಲ್ಲ. ಕದದ ಮೇಲೆ ಬೆರಳಾಡಿಸುತ್ತಿದ್ದ.

"ಈ ಮರಕ್ಕೆ ಬಣ್ಣ ಎಷ್ಟು ವರ್ಷಕ್ಕೊಂದ್ಸಲ ಬಳೀಬೇಕು ಜೆಪ್ಪಿ?"

"ಐದು ವರ್ಷಕ್ಕೆ ಸಾಕು ಸಾರ್."

"ಕಿತ್ತು ತಗೊಂಡುಹೋಗ್ಬೇಕು, ಅಲ್ವಾ?"

"ಹೂಂ. ಒಂದು ವಾರ."

"ಪ್ರತಿ ವರ್ಷ ಬಳಿದ್ರೆ ಮರಕ್ಕೇನೂ ಕೆಟ್ಟದ್ದಲ್ಲ ತಾನೆ?"

ಜೆಪ್ಪಿ ತಿರುಪುಳಿ ಇಳಿಸಿ ಅವನ ಮುಖ ನೋಡಿದ. "ಪ್ರತಿ ವರ್ಷ ಯಾರು ಬಳಿಸ್ತಾರೆ ಸಾರ್?"

"ನಾವು ಬಳಿಸ್ತೀವಿ" ಎಂದ ವಿ‌ಸ್ಟಿನ್. "ಜುಲೈ ಕೊನೇ ವಾರ ಬಂದು ಕಿತ್ಕೊಂಡು ಹೋಗು. ಆಗ ಬಿಸಿಲು ಚೆನ್ನಾಗಿರತ್ತೆ."